'ಯಾವೂರು?' ಎಂದು ಕೇಳಿ ಕೊಡುವ ಸೂರು

ಜಗಲಿಯ ಮೇಲೆ ಬಂದು ಕುಳಿತ ಅಪರಿಚಿತನನ್ನು 'ಯಾವೂರಾಯ್ತು?' ಎಂದು ಕೇಳುವುದು ನಮ್ಮಲ್ಲಿ ಮಾತಿಗೊಂದು ಪೀಠಿಕೆ. ಇಂಗ್ಲೆಂಡಿನಲ್ಲಿ ಮನೆ ಕಳೆದುಕೊಂಡು ಸ್ಥಳೀಯ ಕೌನ್ಸಿಲಿನ ಬಾಗಿಲು ತಟ್ಟಿದವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಆದರೆ ಅಲ್ಲಿ ಅದು ಕುಶಲಪ್ರಶ್ನೆಯಲ್ಲ. ಆ ಸಂಸಾರದ ಹೊಣೆ ಯಾವ ಕೌನ್ಸಿಲಿನದು ಎಂಬುದು ಅದರ ಉತ್ತರವನ್ನು ಅವಲಂಬಿಸಿದೆ. ಪ್ರಶ್ನೆ ಬಹಳ ಹಳೆಯದು.

ಒಂದನೆಯ ಎಲಿಜಬೆತ್ ರಾಣಿಯ ಕಾಲದ 1601ರ ಕಾಯಿದೆ ಬಡವರ ಪೋಷಣೆಯನ್ನು ಆಯಾ ಪ್ಯಾರಿಷ್‌ಗೆ, ಅಂದರೆ ಒಂದು ಇಗರ್ಜಿಯ ವ್ಯಾಪ್ತಿಯ ಊರಿಗೆ ವಹಿಸಿತು. ಅದಕ್ಕಾಗಿ ಊರಿನ ಮನೆಗಳವರಿಂದಲೇ ತೆರಿಗೆ ಎತ್ತಲಾಗುತ್ತಿತ್ತು. ದುಡ್ಡು ನಮ್ಮದಾದ ಮೇಲೆ ಬಡವನೂ ನಮ್ಮವನೇ ಆಗಿರಬೇಕಲ್ಲವೆ? 1662ರಲ್ಲಿ ಇನ್ನೊಂದು ಕಾಯಿದೆ ಬಂತು. ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಗೆ ಹೊಸದಾಗಿ ಬಂದವನು ಮುಂದೆ ಊರಿಗೆ ಭಾರವಾದಾನು ಎನಿಸಿದರೆ 40 ದಿನಗಳೊಳಗೆ ದೂರು ಕೊಟ್ಟು ಅವನನ್ನು ಮೂಲ ಊರಿಗೆ ಅಟ್ಟಬಹುದಿತ್ತು. ಮದುವೆಯಿಲ್ಲದೆ ಹುಟ್ಟಿದ ಮಗು ಹುಟ್ಟಿದೂರಿಗೇ ಸೇರುತ್ತದೆಂಬ ನಿಯಮವಿದ್ದುದರಿಂದ, ತುಂಬು ಗರ್ಭಿಣಿಯರನ್ನು ಹೆರಿಗೆಗೆ ಮುನ್ನವೇ ಗಡಿ ದಾಟಿಸುತ್ತಿದ್ದ ಊರುಗಳೂ ಇದ್ದವು.

1834ರ ನಂತರ ವರ್ಕ್‌ಹೌಸ್‌ಗಳ ಕಾಲ. ಒಳಗೆ ಹೋದರೆ ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ, ಮಕ್ಕಳು ಮತ್ತೊಂದು ಕಡೆ. ಎರಡನೆಯ ಮಹಾಯುದ್ಧದ ನಂತರ, 1948ರಲ್ಲಿ, ಈ ಹಳೆಯ ಬಡವರ ಕಾಯಿದೆಯೇನೋ ರದ್ದಾಯಿತು. ಅದರ ಚಾಳಿ ಹೋಗಲಿಲ್ಲ. ನಿರೀಕ್ಷಿಸದೆ ಸೂರು ಕಳೆದುಕೊಂಡವರಿಗೆ ಕೌನ್ಸಿಲು ತಾತ್ಕಾಲಿಕ ಆಶ್ರಯ ಕೊಡಬೇಕಿತ್ತು, ಅಷ್ಟೇ. ಕೆಂಟ್ ಪ್ರಾಂತ್ಯದ ಕಿಂಗ್ ಹಿಲ್ ಎಂಬ ಆಶ್ರಯಧಾಮದಲ್ಲಿ ತಾಯಿ-ಮಕ್ಕಳಿಗೆ ಮಾತ್ರ ಜಾಗವಿತ್ತು, ಅದೂ ಮೂರು ತಿಂಗಳು. 1965ರಲ್ಲಿ ಗಂಡಂದಿರು ಒಳಹೊಕ್ಕು ಕದಲುವುದಿಲ್ಲವೆಂದು ಕೂತರು. ನ್ಯಾಯಾಲಯದ ಆಜ್ಞೆ ಮೀರಿದ್ದಕ್ಕೆ ಕೆಲವರು ಜೈಲು ಸೇರಿದರು. ತಮ್ಮ ಹೆಂಡತಿ ಮಕ್ಕಳೊಡನೆ ಇದ್ದುದೇ ಅವರ ಅಪರಾಧ!

1966ರ ನವೆಂಬರಿನಲ್ಲಿ ಬಿಬಿಸಿ 'ಕ್ಯಾಥಿ ಕಮ್ ಹೋಮ್' ಎಂಬ ಟಿ.ವಿ. ನಾಟಕವನ್ನು ಪ್ರಸಾರ ಮಾಡಿತು. ನಿರ್ದೇಶಕ ಕೆನ್ ಲೋಚ್. ಮನೆ ಕಳೆದುಕೊಂಡ ತಾಯಿಯಿಂದ ಅಧಿಕಾರಿಗಳು ಮಕ್ಕಳನ್ನೂ ಕಸಿದುಕೊಳ್ಳುವ ಕೊನೆಯ ದೃಶ್ಯಕ್ಕೆ ದೇಶವೇ ತಲ್ಲಣಿಸಿತು. ಆದರೂ ಕಾಯಿದೆ ಬದಲಾಗಲು ಹನ್ನೊಂದು ವರ್ಷ ಹಿಡಿಯಿತು. 1977ರಲ್ಲಿ ಲಿಬರಲ್ ಪಕ್ಷದ ಸ್ಟೀಫನ್ ರಾಸ್ ಖಾಸಗಿ ಸದಸ್ಯರ ಮಸೂದೆಯಾಗಿ ತಂದ ಈ ಕಾಯಿದೆ, ಮನೆಯಿಲ್ಲದವರಿಗೆ ಮನೆ ಒದಗಿಸುವುದನ್ನು ಮೊದಲ ಬಾರಿಗೆ ವಸತಿ ಇಲಾಖೆಯ ಕರ್ತವ್ಯವೆಂದು ಸಾರಿತು. ಎಲ್ಲರಿಗೂ ಅಲ್ಲ. ಮಕ್ಕಳೊಂದಿಗರು, ಗರ್ಭಿಣಿಯರು, ವೃದ್ಧರು, ರೋಗಿಗಳು, ಬೆಂಕಿ-ನೆರೆಯಲ್ಲಿ ಮನೆ ಕಳೆದುಕೊಂಡವರು ಮೊದಲು. ಬೇಕೆಂದೇ ಮನೆ ಬಿಟ್ಟವರಿಗೆ ಪೂರ್ಣ ಹಕ್ಕಿಲ್ಲ. ಜೊತೆಗೆ 'ಸ್ಥಳೀಯ ಸಂಬಂಧ' ಬೇರೆ. ಒಂದು ವರ್ಷದಲ್ಲಿ ಆರು ತಿಂಗಳು ಇಲ್ಲವೆ ಐದು ವರ್ಷದಲ್ಲಿ ಮೂರು ವರ್ಷ ಆ ಊರಲ್ಲಿದ್ದಿರಬೇಕು, ಅಥವಾ ಕೆಲಸವೋ ಬಂಧುಗಳೋ ಅಲ್ಲಿರಬೇಕು. ಇಲ್ಲವಾದರೆ ಸಂಬಂಧವಿರುವ ಬೇರೆ ಕೌನ್ಸಿಲಿಗೆ ಹೊಣೆ ದಾಟಿಸಬಹುದು. 1662ರ ನೆರಳು ಇಲ್ಲಿ ಕಾಣುತ್ತದೆ. ಆದರೆ ಹಿಂಸೆಗೆ ಹೆದರಿ ಓಡಿಬಂದವರನ್ನು ಹಿಂಸೆಯ ಊರಿಗೇ ಮರಳಿ ಕಳಿಸುವಂತಿಲ್ಲ ಎಂಬ ವಿವೇಕವನ್ನೂ ಕಾಯಿದೆ ತೋರಿತು.

'ಮನೆ' ಎಂದರೇನು ಎಂಬುದೂ ತಕರಾರಾಯಿತು. ಅಡಿಗೆಗೆ ಅನುಕೂಲವಿಲ್ಲದ ಒಂದೇ ಕೋಣೆಯಲ್ಲಿದ್ದ ಗಂಡ, ಹೆಂಡತಿ, ಇಬ್ಬರು ಮಕ್ಕಳನ್ನು ಮನೆಯಿಲ್ಲದವರೆನ್ನಲಾಗದು ಎಂದು 1986ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಗ್ರೀಕ್ ತತ್ವಜ್ಞಾನಿ ಡಯೋಜಿನಿಸ್ ವಾಸವಿದ್ದ ಪೀಪಾಯಿಯನ್ನು ವಸತಿ ಎನ್ನಲಾಗದು ಎಂದು ನ್ಯಾಯಮೂರ್ತಿಗಳು ಒಪ್ಪಿದರಂತೆ, ಪುಣ್ಯ! ಅದೇ ವರ್ಷ ಪಾರ್ಲಿಮೆಂಟು ಕಾಯಿದೆಯನ್ನು ತಿದ್ದಿ, ಇರಲು ಯೋಗ್ಯವಲ್ಲದ ಜಾಗ ಲೆಕ್ಕಕ್ಕಿಲ್ಲ ಎಂದಿತು.

ಮುಂದೆ ಇಂಗ್ಲೆಂಡಿನಲ್ಲಿ, 2018ರಿಂದ, ಮನೆ ಕಳೆದುಕೊಳ್ಳಲು 56 ದಿನ ಇರುವಾಗಲೇ ಕೌನ್ಸಿಲು ನೆರವಿಗೆ ಬರಬೇಕೆಂಬ ನಿಯಮ ಜಾರಿಯಾಯಿತು. ಮೊದಲು ಈ ಅವಧಿ 28 ದಿನವಿತ್ತು. ಸ್ಕಾಟ್ಲೆಂಡ್ ಇನ್ನೂ ಮುಂದೆ ಹೋಯಿತು. 2012ರ ಕೊನೆಗೆ ಮೊದಲು ಯಾರಿಗೆ ಎಂಬ ಭೇದವನ್ನು ಅಳಿಸಿತು. 2022ರಲ್ಲಿ, ಸ್ಥಳೀಯ ಸಂಬಂಧವಿಲ್ಲವೆಂದು ಒಂದು ಕೌನ್ಸಿಲು ಇನ್ನೊಂದಕ್ಕೆ ಜನರನ್ನು ದಾಟಿಸುವುದನ್ನೂ ತನ್ನ ನೆಲದಲ್ಲಿ ನಿಲ್ಲಿಸಿತು.

ಕಾಯಿದೆಯಿದ್ದರೂ ಮನೆಗಳಿಲ್ಲ. 2023ರಲ್ಲಿ ಇಂಗ್ಲೆಂಡಿನ ಒಂದು ಲಕ್ಷಕ್ಕೂ ಹೆಚ್ಚು ಸಂಸಾರಗಳು ತಾತ್ಕಾಲಿಕ ವಸತಿಯಲ್ಲಿದ್ದವು. ಬಾಡಿಗೆ ಏರಿದ ಲಂಡನ್ನಿನ ಕೌನ್ಸಿಲುಗಳು ತಮ್ಮದೇ ಊರಿನವರನ್ನು ದೂರ ಕಳಿಸತೊಡಗಿದವು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನ ಐದು ಮಕ್ಕಳ ತಾಯಿಯೊಬ್ಬಳಿಗೆ ಕೌನ್ಸಿಲು ತೋರಿಸಿದ್ದು ಮಿಲ್ಟನ್ ಕೀನ್ಸ್ ಬಳಿಯ ಮನೆ. ಆಕೆ ಒಲ್ಲೆನೆಂದಾಗ ತನ್ನ ಹೊಣೆ ಮುಗಿಯಿತೆಂದಿತು. ಹತ್ತಿರದಲ್ಲಿ ಮನೆ ಏಕೆ ಸಿಗಲಿಲ್ಲವೆಂದು ಕೌನ್ಸಿಲು ವಿವರಿಸಿಲ್ಲ ಎಂದು 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಆ ನಿರ್ಧಾರವನ್ನು ರದ್ದುಮಾಡಿತು. ಅಷ್ಟರಲ್ಲಿ ಆಕೆಯ ಮಕ್ಕಳು ಸಾಕುಪೋಷಕರ ಮನೆ ಸೇರಿದ್ದರು.