ದುಂಡಕ್ಷರದ ವಂಶಾವಳಿ

‘ಅಕ್ಷರ ದುಂಡಗಿರಲಿ’ ಎಂದು ಹೇಳದ ಉಪಾಧ್ಯಾಯರಿಲ್ಲ. ಈ ಆದರ್ಶಕ್ಕೆ ಅತ್ಯಂತ ಪ್ರಾಚೀನವಾದ ನಿದರ್ಶನವು ನಮ್ಮ ಸೀಮೆಯಲ್ಲಿಯೇ ಉಂಟು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನು ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಕೆತ್ತಿಸಿದ ಬ್ರಾಹ್ಮೀ ಶಾಸನಗಳಿವೆ. ಆ ಲಿಪಿಯಲ್ಲಿ ಠಕಾರವೆಂದರೆ ಒಂದು ವೃತ್ತ. ಥಕಾರವು ನಡುವೆ ಚುಕ್ಕೆಯುಳ್ಳ ವೃತ್ತ. ಕಕಾರವು ಗಣಿತದ ಕೂಡಿಸುವ ಚಿಹ್ನೆ. ಗೆರೆಯ ದಪ್ಪ ಎಲ್ಲೆಡೆಯೂ ಸಮ, ತುದಿಯಲ್ಲಿ ಅಲಂಕಾರವಿಲ್ಲ.

1927ರಲ್ಲಿ ಜರ್ಮನಿಯ ಪಾಲ್ ರೆನ್ನರನ ‘ಫ್ಯೂಚುರಾ’ ಎಂಬ ಅಚ್ಚುಮೊಳೆ ಹೊರಬಂದಿತು. ರೋಮನ್ ಅಕ್ಷರಗಳ ತುದಿಯ ಚಾಚುಗಳನ್ನು ಕಳೆದು, ವೃತ್ತ ಮತ್ತು ಸರಳರೇಖೆಗಳಿಂದಲೇ ಅಕ್ಷರಗಳನ್ನು ಕಟ್ಟಿದ ಆ ರಚನೆಯನ್ನು ಲೋಕವು ಅತ್ಯಾಧುನಿಕವೆಂದು ಬಗೆಯಿತು. 1979ರಲ್ಲಿ ಫೋಕ್ಸ್‌ವ್ಯಾಗನ್ ಮೋಟಾರು ಸಂಸ್ಥೆಗಾಗಿ ಸಿದ್ಧವಾದ ಮೊಳೆಯಲ್ಲಿ ಗೆರೆಯ ತುದಿಗಳೂ ದುಂಡಗಾದುವು. ಎರ್ರಗುಡಿಯ ಕಲ್ಲುಕುಟಿಗನು ಇವನ್ನು ಕಂಡಿದ್ದರೆ ಬಹಳವಾಗಿ ಬೆರಗಾಗುತ್ತಿರಲಿಲ್ಲವೆಂದು ನನ್ನ ಊಹೆ.

ಬ್ರಾಹ್ಮಿಯಿಂದ ಬೆಳೆದು ಬಂದ ಕನ್ನಡ-ತೆಲುಗು ಲಿಪಿ ಬಹುಕಾಲ ಒಂದೇ ಆಗಿದ್ದಿತು. ಓಲೆಗರಿಯ ಮೇಲೆ ಕಂಟವು ನೇರಗೆರೆ ಎಳೆದರೆ ಗರಿ ಸೀಳುವುದೆಂದು ಅಕ್ಷರಗಳು ದುಂಡಗಾದುವು ಎಂಬ ಮಾತುಂಟು. ಅದು ಪೂರ್ಣ ಕಾರಣವಾಗಲಾರದು. ಕಲ್ಲಿನ ಮೇಲೆಯೂ ಅಕ್ಷರ ಬಾಗಿದೆ.

ಅಚ್ಚಿನ ಕಾಲದಲ್ಲಿ, 1817ರಲ್ಲಿ, ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ಬಂಗಾಳದ ಸೀರಾಂಪುರದಲ್ಲಿ ಮುದ್ರಿತವಾಯಿತು. 1843ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನಿಂದ ಹೊರಟ ‘ಮಂಗಳೂರ ಸಮಾಚಾರ’ವು ಮರುವರ್ಷವೇ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಬಳ್ಳಾರಿಗೆ ಬಂದಿತು, ಅಲ್ಲಿ ಮೊಳೆಯಚ್ಚಿನ ಅನುಕೂಲವಿದ್ದಿತು. ಆಗ ಆದವಾನಿಯೂ ಬಳ್ಳಾರಿ ಜಿಲ್ಲೆಗೇ ಸೇರಿದ್ದಿತು. 1953ರಲ್ಲಿ ಆದವಾನಿ, ಆಲೂರುಗಳು ಕರ್ನೂಲಿಗೆ ಸೇರಿದುವು; ಕನ್ನಡ ಓದುವ ಮಕ್ಕಳು ಮಾತ್ರ ಇಲ್ಲಿಯೇ ಉಳಿದರು.

ಆ ಮಕ್ಕಳ ಕಣ್ಣಿಗೆ ಈಗ ಹೊಸ ದುಂಡಕ್ಷರಗಳು ಬೀಳುತ್ತಿವೆ. ಮುಂಬಯಿಯ ಏಕ್ ಟೈಪ್ ಸಂಸ್ಥೆಯು ‘ಬಾಲೂ’ ಎಂಬ ದಪ್ಪ, ದುಂಡು ಮೊಳೆಯನ್ನು ಭಾರತದ ಹಲವು ಲಿಪಿಗಳಿಗೆ ರಚಿಸಿ ಉಚಿತವಾಗಿ ಒದಗಿಸಿದೆ. ಕನ್ನಡದ್ದಕ್ಕೆ ‘ಬಾಲೂ ತಮ್ಮ’ ಎಂದು ಹೆಸರು. ತೆಲುಗಿನದಕ್ಕೆ ‘ಬಾಲೂ ತಮ್ಮುಡು’. ಎರಡು ನುಡಿಯ ನಡುವೆ ಬಾಳುವ ನಮಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಯಾವುದು?

ಆದರೆ ತೊಡಕೊಂದಿದೆ. ರೋಮನ್ ಅಕ್ಷರದ ಚಾಚನ್ನು ಕಳೆದರೆ ಅಕ್ಷರವು ಕೆಡದು. ನಮ್ಮ ತಲೆಕಟ್ಟು ಅಂತಹ ಅಲಂಕಾರವಲ್ಲ, ಅದನ್ನು ಕಳೆಯುವಂತಿಲ್ಲ. ದಕಾರಕ್ಕೂ ಧಕಾರಕ್ಕೂ ಇರುವ ಅಂತರವಂತೂ ಅಡಿಯ ಒಂದು ಸಣ್ಣ ಸೀಳು ಮಾತ್ರ. ಬ-ಭ, ಡ-ಢ, ಪ-ಫಗಳ ಗತಿಯೂ ಅದೇ. ಗೆರೆ ದಪ್ಪವಾದಷ್ಟೂ ಒಳಗಿನ ಬಯಲು ಕಿರಿದಾಗಿ ಆ ಸೀಳು ಮುಚ್ಚಿಕೊಳ್ಳುತ್ತದೆ. ‘ಧನ’ವಿದ್ದವನಿಗೆ ‘ದನ’ವೇ ಗತಿಯಾಗುತ್ತದೆ! ಮೇಣದ ಹಾಳೆಯ ಮೇಲೆ ಕಡ್ಡಿಯಿಂದ ಬರೆದು ಪ್ರಶ್ನಪತ್ರಿಕೆ ತೆಗೆದ ಉಪಾಧ್ಯಾಯರಿಗೆ ಈ ಕಷ್ಟ ಹೊಸದಲ್ಲ. ಶಾಯಿ ಹೆಚ್ಚಾದರೆ ಮಹಾಪ್ರಾಣಗಳೆಲ್ಲ ಅಲ್ಪಪ್ರಾಣಗಳು. ಒತ್ತಕ್ಷರಗಳು ಸಾಲಿನ ಕೆಳಗಿಳಿಯುವುದರಿಂದ ಸಾಲುಗಳನ್ನು ದೂರ ದೂರ ಇಡಬೇಕಾದುದು ಬೇರೆ.

ಬಾಲೂ ಮೊದಲು ಒಂದೇ ದಪ್ಪದಲ್ಲಿ ಬಂದಿತ್ತು. ಅನಂತರ ತೆಳುವಾದ ಪ್ರಭೇದಗಳೂ ಸೇರಿದುವು. ಮಂತ್ರಾಲಯದ ಅಂಗಡಿಯ ಹಲಗೆಗೆ, ಪುಸ್ತಕದ ರಕ್ಷಾಪತ್ರಕ್ಕೆ, ಗೋಡೆಯ ವರ್ಣಮಾಲೆಗೆ ದಪ್ಪನೆಯದು ಸೊಗಸು. ಪಾಠದ ಸಣ್ಣ ಅಕ್ಷರಕ್ಕೆ ಅದನ್ನು ಒಪ್ಪಲಾರೆ. ಆಯ್ಕೆ ಮಾಡುವ ಮುನ್ನ ಧಕಾರ, ಭಕಾರಗಳನ್ನು ಪುಸ್ತಕದ ಗಾತ್ರದಲ್ಲಿಯೇ ಅಚ್ಚು ಮಾಡಿ, ಕೊನೆಯ ಸಾಲಿನ ಬೆಂಚಿನ ಹುಡುಗನಿಗೆ ಕೊಟ್ಟು ಓದಿಸಿ ನೋಡಬೇಕು.