ವೇದವಾಚನಕ್ಕೆ ಮುನ್ನಿನ ಪ್ರಾರ್ಥನೆ

ಕ್ರೈಸ್ತರ ದೇವಾಲಯಗಳಲ್ಲಿ ಭಾನುವಾರದ ಆರಾಧನೆಯ ಕಾಲಕ್ಕೆ ಸತ್ಯವೇದವನ್ನು ತೆರೆದು ಓದುವುದಕ್ಕೆ ಮೊದಲು ಒಂದು ಸಣ್ಣ ಪ್ರಾರ್ಥನೆ ನಡೆಯುವುದುಂಟು. ಓದುವವನ ಬಾಯಿಂದ ಬರುವ ಮಾತಿನಲ್ಲಿ ದೇವರ ಮಾತನ್ನು ಕೇಳಿಸಿಕೊಳ್ಳುವ ಕಿವಿಯನ್ನು ಕರುಣಿಸಬೇಕೆಂಬುದೇ ಅದರ ತಾತ್ಪರ್ಯ. ಮುದನಾಳ, ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯವರಾದ ನಮಗೆ ಇದು ಪರದೇಶದ ಸಂಗತಿಯೆಂದು ತೋರಬಹುದು. ವಸ್ತುತಃ ಹಾಗಲ್ಲ.

ನಮ್ಮ ಈ ಭಾಗದಲ್ಲಿ ಪುರಾತನವಾದ ಕ್ರೈಸ್ತ ಸಮುದಾಯವೆಂದರೆ ಮುದಗಲ್ಲಿನದು. ಆದಿಲಶಾಹಿ ಅರಸರ ಕಾಲದಲ್ಲಿಯೇ ಗೋವೆಯ ಕಡೆಯಿಂದ ಬಂದ ಪಾದ್ರಿಗಳಿಂದ ಅದು ಬೆಳೆಯಿತು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರ್ ಸಾಹೇಬನು, ಆ ಜನರಲ್ಲಿ ಪ್ರಾರ್ಥನೆಗಳೂ ಉಪದೇಶಗಳೂ ಕನ್ನಡದಲ್ಲಿ ಉಳಿದುಬಂದಿದ್ದುದನ್ನು ಬರೆದಿಟ್ಟಿದ್ದಾನೆ. ಆದರೆ ರೋಮನ್ ಕ್ಯಾಥೋಲಿಕರ ಬಲಿಪೂಜೆಯ ಭಾಷೆ ಲ್ಯಾಟಿನ್ ಆಗಿದ್ದಿತು. 1962–65ರ ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕವೇ ದೇಶಭಾಷೆಗಳಿಗೆ ಅಲ್ಲಿ ಪೂರ್ಣಪ್ರವೇಶ ದೊರೆಯಿತು. ಆ ಪೂಜೆಯಲ್ಲಿ ಸುವಾರ್ತೆಯನ್ನು ಓದುವ ಮುನ್ನ ಗುರುವು ತನ್ನ ಹೃದಯವೂ ತುಟಿಗಳೂ ಶುದ್ಧವಾಗಲೆಂದು ಬೇಡಿಕೊಳ್ಳುವನು. ಯೆಶಾಯನೆಂಬ ಪ್ರವಾದಿಯ ತುಟಿಗೆ ಕೆಂಡ ಮುಟ್ಟಿಸಿದ ಕಥೆ ಇದಕ್ಕೆ ಮೂಲ. ಇದು ಓದುವವನ ಪ್ರಾರ್ಥನೆ. ಶ್ರಾವಣದಲ್ಲಿ ನಮ್ಮ ಹಳ್ಳಿಗಳಲ್ಲಿ ಪುರಾಣ ಹಚ್ಚುವಾಗ ಶಾಸ್ತ್ರಿಗಳು ಹೇಳುವ ಮಂಗಳಾಚರಣೆಯ ಜಾತಿಗೆ ಸೇರಿದ್ದು.

ಕೇಳುವವರ ಪ್ರಾರ್ಥನೆಯ ಕಥೆಯೇ ಬೇರೆ. ಇಂಗ್ಲೆಂಡಿನಲ್ಲಿ ಪ್ರತಿಯೊಂದು ದೇವಾಲಯದಲ್ಲಿಯೂ ಇಂಗ್ಲಿಷ್ ಬೈಬಲನ್ನು ಇಡಬೇಕೆಂಬ ಆಜ್ಞೆ ಹೊರಟದ್ದು 1538ರಲ್ಲಿ. ಹನ್ನೊಂದು ವರ್ಷಗಳ ತರುವಾಯ, 1549ರಲ್ಲಿ, ಕ್ರಾನ್ಮರ್ ಎಂಬ ಆರ್ಚ್‌ಬಿಷಪ್ಪನು ಸಿದ್ಧಪಡಿಸಿದ ಪ್ರಾರ್ಥನಾಗ್ರಂಥದಲ್ಲಿ ಆಗಮನಕಾಲದ ಎರಡನೆಯ ಭಾನುವಾರಕ್ಕೆ ಒಂದು ಹೊಸ ಪ್ರಾರ್ಥನೆ ಸೇರಿತು. ಅದರಲ್ಲಿ ಭಕ್ತರು ಐದು ಕ್ರಿಯೆಗಳಿಗೆ ಶಕ್ತಿ ಬೇಡುತ್ತಾರೆ: ಕೇಳುವುದು, ಓದುವುದು, ಗಮನಿಸುವುದು, ಕಲಿಯುವುದು, ಅಂತರಂಗದಲ್ಲಿ ಜೀರ್ಣಿಸಿಕೊಳ್ಳುವುದು. ಶ್ರವಣ, ಮನನ, ನಿದಿಧ್ಯಾಸನಗಳನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಅಚ್ಚಿನ ಪುಸ್ತಕ ಕೈಗೆ ಬಂದ ಕಾಲದಲ್ಲಿಯೂ ‘ಕೇಳುವುದು’ ಮೊದಲನೆಯ ಸ್ಥಾನದಲ್ಲಿ ನಿಂತಿರುವುದನ್ನು ವಾಚಕರು ಲಕ್ಷಿಸಬೇಕು. ಜಿನೀವಾದಲ್ಲಿ ಕ್ಯಾಲ್ವಿನನು 1542ರ ತನ್ನ ಪದ್ಧತಿಯಲ್ಲಿ, ಉಪದೇಶಕ್ಕೆ ಮುಂಚೆ ಪವಿತ್ರಾತ್ಮನ ಅನುಗ್ರಹವನ್ನು ಬೇಡಬೇಕೆಂದು ವಿಧಿಸಿ, ಅದರ ಮಾತುಗಳನ್ನು ಬೋಧಕನ ಇಚ್ಛೆಗೇ ಬಿಟ್ಟನು.

ಕನ್ನಡಕ್ಕೆ ಈ ಪ್ರಸಂಗ ಬಂದುದು ಬಳ್ಳಾರಿಯ ಮಾರ್ಗವಾಗಿ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿಗೆ ಬಂದಾಗ ಕನ್ನಡಕ್ಕೆ ಅಚ್ಚಾದ ನಿಘಂಟು ಇರಲಿಲ್ಲ. ಆತನೂ ಆತನ ಸಹಾಯಕರೂ ದುಡಿದು 1831ರ ವೇಳೆಗೆ ಸಮಗ್ರ ಬೈಬಲು ಕನ್ನಡದಲ್ಲಿ ಹೊರಬಿದ್ದಿತು. ಬಾಸೆಲ್ ಮಿಷನ್ನಿನವರು ಬಳಿಕ ಅದನ್ನು ತಿದ್ದಿದರು. ಆ ಗದ್ಯ ಕೆಲವೆಡೆ ಬಿಗಿಯಾದುದೆಂದು ಒಪ್ಪಲೇಬೇಕು. ಆದರೆ ಪಾರಿಭಾಷಿಕ ಶಬ್ದಗಳ ಆಯ್ಕೆಯಲ್ಲಿ ವಿಚಾರ ಸಾಲದೆಂದು ಹೇಳಲಾಗದು. ದೇವರ ಮಾತಿಗೆ ಅವರು ‘ಶಬ್ದ’ವೆನ್ನದೆ ‘ವಾಕ್ಯ’ವೆಂದರು. ಮೀಮಾಂಸಕರ ಮತದಲ್ಲಿ ವೇದವು ಅಪೌರುಷೇಯ. ಅದಕ್ಕೆ ಹೇಳಿದವನೇ ಇಲ್ಲ. ಕ್ರೈಸ್ತರಿಗಾದರೋ ವಾಕ್ಯದ ಹಿಂದೆ ವಕ್ತೃವೊಬ್ಬನಿರುವನು. ಈಶ್ವರನನ್ನೇ ವೇದಕರ್ತೃವೆಂದ ನೈಯಾಯಿಕರಿಗೆ ಅವರು ಸಮೀಪವರ್ತಿಗಳು. ಹೇಳುವವನಿದ್ದಲ್ಲಿಯೇ ‘ನಿನ್ನ ದನಿ ನನಗೆ ಕೇಳಿಸಲಿ’ ಎಂಬ ಬೇಡಿಕೆಗೆ ಅರ್ಥವುಂಟು. ಇಷ್ಟಾಗಿಯೂ ಅಥರ್ವಣೋಪನಿಷತ್ತುಗಳ ಶಾಂತಿಪಾಠದಲ್ಲಿ ಕಿವಿಗಾಗಿ ಪ್ರಾರ್ಥನೆಯಿರುವುದನ್ನು ಮರೆಯಲಾಗದು. ಭೇದವನ್ನು ಅತಿಯಾಗಿ ಎಳೆಯುವುದು ಸಲ್ಲದು.

ಯಾದಗಿರಿಯಲ್ಲಿ ನೆಲೆಗೊಂಡವರು ಅಮೆರಿಕದ ಮೆಥಡಿಸ್ಟರು. ಅವರ ಹೋಲ್ಸ್ಟನ್ ಆಸ್ಪತ್ರೆಯ ಹೆಸರನ್ನು ಹಿರಿಯರು ಬಲ್ಲರು. ಈ ಪಂಥದ ಜಾನ್ ವೆಸ್ಲಿಯು ಇಂಗ್ಲೆಂಡಿನ ಪ್ರಾರ್ಥನಾಗ್ರಂಥವನ್ನು ಸಂಗ್ರಹಿಸಿ 1784ರಲ್ಲಿ ಅಮೆರಿಕಕ್ಕೆ ಕಳುಹಿಸಿದನಾದರೂ, ಅಲ್ಲಿಯ ಜನ ಅದನ್ನು ಬಹುಬೇಗ ಬದಿಗಿಟ್ಟು, ಹೃದಯಕ್ಕೆ ತೋಚಿದಂತೆ ಪ್ರಾರ್ಥಿಸುವುದನ್ನೇ ಮೆಚ್ಚಿದರು. ನಮ್ಮ ಸೀಮೆಗೆ ಬಂದುದು ಪುಸ್ತಕವಿಲ್ಲದ ಈ ಪ್ರಾರ್ಥನೆ. ಆಗ ನಿಜಾಮನ ರಾಜ್ಯದಲ್ಲಿ ಕಚೇರಿಯ ಭಾಷೆ ಉರ್ದು. ಹಳ್ಳಿಗಳಲ್ಲಿ ಅಕ್ಷರ ಬಲ್ಲವರು ವಿರಳ. ಓದಲರಿಯದವನಿಗೆ ಕಿವಿಯೇ ಪುಸ್ತಕ. ಆತನು ಮೈಮರೆತರೆ ಆ ವಾರದ ವಾಕ್ಯವೇ ಹೋಯಿತು. ಮನೆಗೆ ಹೋಗಿ ತಿರುವಿನೋಡುವ ಹಾಳೆ ಅವನಲ್ಲಿಲ್ಲ. ಆದುದರಿಂದ ಕೇಳುವ ವರವನ್ನು ಬೇಡುವುದು ಇಲ್ಲಿ ಅಲಂಕಾರದ ಮಾತಾಗಿರಲಿಲ್ಲ.

ಇಂಥ ಪ್ರಾರ್ಥನೆಗಳಲ್ಲಿ ಬಾಲಕನಾದ ಸಮುವೇಲನ ಕಥೆ ಮತ್ತೆ ಮತ್ತೆ ಸ್ಮರಣೆಗೆ ಬರುವುದು. ರಾತ್ರಿ ತನ್ನನ್ನು ಕರೆದವನು ವೃದ್ಧ ಯಾಜಕ ಏಲಿಯೆಂದೇ ತಿಳಿದು ಹುಡುಗನು ಮೂರು ಸಲ ಎದ್ದು ಓಡಿದನು. ಕರೆದವನು ದೇವರೆಂಬುದು ಮೂರನೆಯ ಸಲ ಕಣ್ಣು ಮಂಜಾಗಿದ್ದ ಆ ಮುದುಕನಿಗೇ ಹೊಳೆದು, ಉತ್ತರ ಕೊಡುವ ಬಗೆಯನ್ನು ಅವನೇ ಹೇಳಿಕೊಟ್ಟನು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಏರ್ಪಟ್ಟಾಗ ಬಳ್ಳಾರಿಯ ಲಂಡನ್ ಮಿಷನ್ ಸಭೆಗಳು ಅದರಲ್ಲಿ ಕೂಡಿದವು. ಆ ಸಭೆಯ 1950ರ ಆರಾಧನಾಕ್ರಮದಲ್ಲಿ ಬೈಬಲನ್ನು ಕೈಯಲ್ಲಿ ಹೊತ್ತು ಒಳಕ್ಕೆ ತರುವ ಪದ್ಧತಿಗೂ, ಹಳೆಯ ಒಡಂಬಡಿಕೆ, ಪತ್ರಿಕೆ, ಸುವಾರ್ತೆಗಳೆಂಬ ಮೂರು ಪಾಠಗಳಿಗೂ ಸ್ಥಾನ ದೊರೆಯಿತು. ಯಾದಗಿರಿಯ ಮೆಥಡಿಸ್ಟರು ಆ ಐಕ್ಯಕ್ಕೆ ಸೇರದೆ ಉಳಿದರು. ಭಾರತದ ಮೆಥಡಿಸ್ಟ್ ಸಭೆ ಸ್ವತಂತ್ರ ಸಭೆಯಾಗಿ ನಿಂತದ್ದು 1981ರಲ್ಲಿ.