ಪಂಜೆಯವರ ಕಥೆಗಳ ಮೂಲಾನ್ವೇಷಣೆ

‘ಹುತ್ತರಿ ಹಾಡ’ನ್ನು ರಚಿಸಿ ಕೊಡಗಿನವರಿಗೆ ಮನೆಯವರೇ ಆಗಿಬಿಟ್ಟ ಪಂಜೆ ಮಂಗೇಶರಾಯರು (1874–1937) ಬಂಟವಾಳದಲ್ಲಿ ಹುಟ್ಟಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದು, ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಅವರ ಮಕ್ಕಳ ಕಥೆಗಳಲ್ಲಿ ಕೆಲವು ಅನ್ಯಮೂಲದವೆಂಬುದು ಬಲ್ಲವರೆಲ್ಲ ಆಡುವ ಮಾತಾದರೂ, ಆ ಮೂಲ ಯಾವುದು, ಯಾವ ದಾರಿಯಿಂದ ಅದು ಅವರ ಕೈ ಸೇರಿತು ಎಂಬ ವಿಚಾರವು ಆಂಗ್ಲ ಹೆಸರೊಂದನ್ನು ಸೂಚಿಸಿದ ಮಾತ್ರಕ್ಕೆ ಮುಗಿಯತಕ್ಕದ್ದಲ್ಲ.

‘ಮೂರು ಕರಡಿಗಳ’ನ್ನೇ ನೋಡೋಣ. 1831ರಲ್ಲಿ ಎಲಿನರ್ ಮ್ಯೂರ್ ಎಂಬಾಕೆ ಈ ಕಥೆಯನ್ನು ಪದ್ಯವಾಗಿ ಬರೆದು, ಚಿತ್ರಿಸಿ, ಬಂಧುಬಾಲಕನೊಬ್ಬನಿಗೆ ಕಾಣಿಕೆಯಾಗಿ ಕೊಟ್ಟಿದ್ದಳು. 1837ರಲ್ಲಿ ಕವಿ ರಾಬರ್ಟ್ ಸೌದೆ ಅದನ್ನು ಗದ್ಯದಲ್ಲಿ ಅಚ್ಚುಮಾಡಿಸಿದಾಗಲೂ ಕರಡಿಗಳ ಮನೆಯನ್ನು ಹೊಕ್ಕವಳು ಮುದುಕಿಯೇ. 1850ರ ಸುಮಾರಿಗೆ ಜೋಸೆಫ್ ಕಂಡಾಲನು ಆಕೆಯನ್ನು ಹೊರಗಟ್ಟಿ ಪುಟ್ಟ ಹುಡುಗಿಯನ್ನು ಒಳತಂದನು. ಮೂಲವೇ ಹೀಗೆ ರೂಪ ಬದಲಿಸಿಕೊಂಡು ಬಂದಿರುವಾಗ, ಅನ್ವೇಷಕನು ಕೇಳಬೇಕಾದುದು ‘ಯಾರ ಕಥೆ’ ಎಂಬುದಕ್ಕಿಂತ ‘ಯಾವ ಪಾಠ’ ಎಂಬುದನ್ನೇ.

‘ಹೇನು ಸತ್ತು ಕಾಗೆ ಬಡವಾಯಿತು’ ಎಂಬುದರ ವಿಷಯ ಇನ್ನೂ ಜಟಿಲವಾದುದು, ನನ್ನ ಮಟ್ಟಿಗೆ ಇನ್ನೂ ಪ್ರಿಯವಾದುದು. ಗ್ರಿಮ್ ಸಹೋದರರ 1812ರ ಸಂಗ್ರಹದಲ್ಲಿ ಹೇನು ಸುಟ್ಟುಕೊಂಡುದಕ್ಕೆ ಚಿಗಟ ಅಳುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ಪೊರಕೆ ಗುಡಿಸತೊಡಗುತ್ತದೆ, ಕೊನೆಗೆ ಚಿಲುಮೆಯುಕ್ಕಿ ಎಲ್ಲರನ್ನೂ ಮುಳುಗಿಸುತ್ತದೆ. ಇತ್ತ 1884ರಲ್ಲಿ ಫ್ಲೋರಾ ಆನಿ ಸ್ಟೀಲ್ ಪ್ರಕಟಿಸಿದ ಪಂಜಾಬದ ಕಥೆಯಲ್ಲಿ ಹೆಣ್ಣುಗುಬ್ಬಿಯ ಸಾವಿಗೆ ಅರಳಿಮರ ಎಲೆಯುದುರಿಸುತ್ತದೆ, ಎಮ್ಮೆ ಕೊಂಬು ಕಳಚುತ್ತದೆ, ಹೊಳೆಯ ನೀರು ಉಪ್ಪಾಗುತ್ತದೆ. ಒಂದರ ದುಃಖವನ್ನು ಮತ್ತೊಂದು ಹೊರುವ ಈ ಸರಪಳಿಯ ಕಥೆ ಭಾರತದ ಅಜ್ಜಿಯರ ಬಾಯಲ್ಲಿಯೂ ಇದ್ದಿತೆಂಬುದು ಸಿದ್ಧವಾದ ಮೇಲೆ, ಹೇನಿನ ಹೆಸರೊಂದನ್ನೇ ಹಿಡಿದು ಜರ್ಮನಿಗೆ ಓಡುವುದು ಆತುರದ ತೀರ್ಮಾನವೆಂದೇ ನನ್ನ ಅಭಿಪ್ರಾಯ. ಪಂಜೆಯವರದೇ ‘ಕೋಟಿ ಚೆನ್ನಯ’ದ ಮೂಲವಾದರೋ ಮನೆಯಂಗಳದ ತುಳು ಪಾಡ್ದನವೆಂಬ ಹಾಡುಗಥೆಯಲ್ಲವೆ? ಬಾಯಿಯಿಂದ ಬಾಯಿಗೆ ಬಂದ ಆ ಪಾಡ್ದನಗಳನ್ನು ಮ್ಯಾನರ್ ಪಾದ್ರಿಯು 1886ರಷ್ಟು ಹಿಂದೆಯೇ ಮಂಗಳೂರಿನಲ್ಲಿ ಅಚ್ಚಿಗೆ ತಂದಿದ್ದನು.

ಕಥೆಗಳು ಹೀಗೆ ಬಾಯಿಯಿಂದ ಬಾಯಿಗೆ ದಾಟುವ ಬಗೆಗೆ ದೂರ ಹೋಗಬೇಕಿಲ್ಲ: ಕೊಡಗಿನಲ್ಲಿ ಕಾವೇರಿಯ ದಡದ ನಮ್ಮ ನೆಲ್ಯಹುದಿಕೇರಿಯಲ್ಲಿ, ಕಾಫಿತೋಟಗಳ ಲೈನುಮನೆಗಳಲ್ಲಿ, ಮಲಯಾಳ, ತಮಿಳು, ತುಳು, ಕೊಡವ, ಕನ್ನಡಗಳು ನೆರೆಹೊರೆಯಾಗಿ ಬಾಳುತ್ತಿವೆ. ಒಂದು ನುಡಿಯ ಕಥೆ ಇನ್ನೊಂದಕ್ಕೆ ದಾಟಲು ಅಲ್ಲಿ ಗೋಡೆಯ ಅಂತರವೂ ಇಲ್ಲ. ಆದುದರಿಂದ, ಪಂಜೆಯವರ ಕಥೆಗಳು ಬಂದ ದಾರಿ ತಿಳಿಯಬೇಕಾದರೆ, ಹಳೆಯ ಶಾಲಾಪುಸ್ತಕಗಳುಳ್ಳವರು ಅವನ್ನು ರದ್ದಿಗೆ ಹಾಕದಿರಬೇಕೆಂದೂ, ಅಜ್ಜಿಯರು ಹೇಳುವ ಸರಪಳಿಯ ಕಥೆಗಳನ್ನು ಬಲ್ಲವರು ಆ ಅಜ್ಜಿಯರ ಮಾತಿನಲ್ಲಿಯೇ ಈಗಲೇ ಬರೆದಿಡಬೇಕೆಂದೂ ಪ್ರಾರ್ಥಿಸುತ್ತೇನೆ.